ಚಿನ್ನ ಕೊಳ್ಳುತ್ತಿದ್ದೀರೋ, ನಾಣ್ಯ ಕೊಳ್ಳುತ್ತಿದ್ದೀರೋ? ಸರ್ಕಾರಿ ಚಿನ್ನದ ನಾಣ್ಯ ಆರಿಸುವವರಿಗೆ ಒಂದು ಹೋಲಿಕೆ

ಮೇಜಿನ ಮೇಲೆ ಎರಡು ನಾಣ್ಯ ಇವೆ ಅಂದುಕೊಳ್ಳಿ. ಒಂದಕ್ಕೆ ತುಸು ಕೆಂಪು ಛಾಯೆ, ದಪ್ಪ, ಕೈಗೆ ಗಟ್ಟಿಯಾಗಿ ಸಿಗುತ್ತದೆ. ಇನ್ನೊಂದು ಹಚ್ಚ ಹಳದಿ, ಅಗಲ, ತೆಳ್ಳಗೆ. ತಕ್ಕಡಿಗೆ ಹಾಕಿದರೆ ಮೊದಲನೆಯದು 33.93 ಗ್ರಾಂ, ಎರಡನೆಯದು 31.1 ಗ್ರಾಂ. ಮೊದಲನೆಯದು 22 ಕ್ಯಾರೆಟ್, ಎರಡನೆಯದು 24 ಕ್ಯಾರೆಟ್. ಯಾವುದರಲ್ಲಿ ಚಿನ್ನ ಜಾಸ್ತಿ?

ಎರಡರಲ್ಲೂ ಅಷ್ಟೇ ಇದೆ.

ಹೆಚ್ಚಿನವರು ಎಡವುವುದು ಇಲ್ಲೇ. 22 ಕ್ಯಾರೆಟ್ ಅಂದ ಕೂಡಲೇ ಚಿನ್ನ ಕಡಿಮೆ ಎಂದು ತೀರ್ಮಾನಿಸಿಬಿಡುತ್ತಾರೆ. ಮೊದಲನೆಯದು ದಕ್ಷಿಣ ಆಫ್ರಿಕಾದ ಕ್ರೂಗರ್‌ರಾಂಡ್. ಎರಡನೆಯದು ಆಸ್ಟ್ರಿಯಾದ ಫಿಲ್‌ಹಾರ್ಮೋನಿಕ್. ಎರಡರಲ್ಲೂ ಇರುವುದು ಒಂದು ಟ್ರಾಯ್ ಔನ್ಸ್ ಅಪ್ಪಟ ಚಿನ್ನ, ಅಂದರೆ 31.1035 ಗ್ರಾಂ. (ಮಾಮೂಲಿ ಔನ್ಸ್ ಬೇರೆ, ಅದು 28.35 ಗ್ರಾಂ ಅಷ್ಟೇ. ಎರಡನ್ನೂ ಬೆರೆಸಿಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ.) ಕ್ರೂಗರ್‌ರಾಂಡ್‌ನಲ್ಲಿ ಆ ಒಂದು ಔನ್ಸ್ ಚಿನ್ನದ ಜೊತೆಗೆ ಸುಮಾರು 2.83 ಗ್ರಾಂ ತಾಮ್ರ ಸೇರಿಸಿದ್ದಾರೆ. ಆ ಕೆಂಪು, ಆ ಗಟ್ಟಿತನ ಎರಡೂ ತಾಮ್ರದಿಂದ ಬಂದವು. ಚಿನ್ನವನ್ನು ಕಡಿಮೆ ಮಾಡಿಲ್ಲ, ತಾಮ್ರವನ್ನು ಮೇಲೆ ಹಾಕಿದ್ದಾರೆ.

ಹಾಗಾದರೆ 24 ಕ್ಯಾರೆಟ್‌ಗೆ ಬೆಲೆಯೇ ಇಲ್ವಾ? ನೋಡಲು ಚೆಂದ, ನಿಜ. ಆದರೆ ಅಪ್ಪಟ ಚಿನ್ನ ಮೆತ್ತಗೆ. ಕವಚದಿಂದ ಹೊರತೆಗೆದು ಇನ್ನೊಂದು ನಾಣ್ಯಕ್ಕೆ ತಾಗಿಸಿದರೆ ಸಾಕು, ಗೀರು ಬೀಳುತ್ತದೆ. ಅಂಚು ಯಾವುದಕ್ಕಾದರೂ ಬಡಿದರೆ ಸಣ್ಣ ತಗ್ಗು ಉಳಿದುಬಿಡುತ್ತದೆ. 22 ಕ್ಯಾರೆಟ್ ನಾಣ್ಯ ಇದನ್ನೆಲ್ಲ ಚೆನ್ನಾಗಿ ತಡೆದುಕೊಳ್ಳುತ್ತದೆ. ಹಿಂದೆ ಜನರ ಕೈಯಿಂದ ಕೈಗೆ ಓಡಾಡಿದ ಚಿನ್ನದ ನಾಣ್ಯಗಳಲ್ಲಿ ಬೆರಕೆ ಇರುತ್ತಿದ್ದದ್ದು ಇದೇ ಕಾರಣಕ್ಕೆ. ಶುದ್ಧತೆಯ ಪ್ರಶ್ನೆ ಇಷ್ಟೇ. ಅದನ್ನು ಇಟ್ಟುಕೊಂಡು ನಾಣ್ಯ ಆರಿಸಬೇಡಿ.

ನಿಜವಾಗಿ ಹೋಲಿಸಬೇಕಾದದ್ದು ಬೇರೆ ಇದೆ.

ಕೊಡುವ ಬೆಲೆ, ಸಿಗುವ ಬೆಲೆ

ಚಿನ್ನಕ್ಕೆ ಜಗತ್ತಿನಾದ್ಯಂತ ಒಂದು ಮೂಲ ದರ ಇರುತ್ತದೆ. ಲಂಡನ್ನಿನಲ್ಲಿ ಕೆಲಸದ ದಿನಗಳಲ್ಲಿ ಎರಡು ಸಲ, ಬೆಳಗ್ಗೆ 10:30ಕ್ಕೆ ಮತ್ತು ಮಧ್ಯಾಹ್ನ 3 ಗಂಟೆಗೆ, ಹರಾಜಿನ ಮೂಲಕ ಔನ್ಸಿನ ದರ ನಿಗದಿಯಾಗುತ್ತದೆ. ಅದರ ಆಚೀಚೆ ಮಾರುಕಟ್ಟೆ ದರ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ನಾಣ್ಯ ಯಾವತ್ತೂ ಈ ದರಕ್ಕೆ ಸಿಗುವುದಿಲ್ಲ. ಅಚ್ಚು ಹಾಕಿದ ಖರ್ಚು, ಟಂಕಸಾಲೆಯ ಲಾಭ, ಸಾಗಾಟ, ವಿಮೆ, ವ್ಯಾಪಾರಿಯ ಲಾಭ, ಎಲ್ಲ ಸೇರಿ ದರದ ಮೇಲೆ ಒಂದಿಷ್ಟು ಕೂಡಿಕೊಳ್ಳುತ್ತದೆ. ಅದೇ ಪ್ರೀಮಿಯಂ.

ಪ್ರೀಮಿಯಂ ಕಡಿಮೆ ಇರುವ ನಾಣ್ಯ ಕೊಂಡರೆ ಆಯಿತು ಎಂದು ಬಹಳ ಜನ ಹೇಳುತ್ತಾರೆ. ಅದು ಅರ್ಧ ಮಾತು. ಇನ್ನರ್ಧ ಇರುವುದು ಮಾರುವ ದಿನದಲ್ಲಿ. ಒಂದು ಲೆಕ್ಕ ನೋಡಿ. ನಾಣ್ಯದೊಳಗಿನ ಚಿನ್ನದ ಬೆಲೆ 100 ಅಂತಿಟ್ಟುಕೊಳ್ಳೋಣ. ಒಂದು ನಾಣ್ಯಕ್ಕೆ 104 ಕೊಟ್ಟಿರಿ, ಅದೇ ದಿನ ವಾಪಸ್ ಕೊಟ್ಟರೆ 98 ಸಿಗುತ್ತದೆ. ಕಳೆದುಕೊಂಡದ್ದು 6. ಇನ್ನೊಂದು ನಾಣ್ಯಕ್ಕೆ 107 ಕೊಟ್ಟಿರಿ, ವಾಪಸ್ ಕೊಟ್ಟರೆ 103. ಕಳೆದುಕೊಂಡದ್ದು 4. ದುಬಾರಿ ಎನಿಸಿದ ಎರಡನೆಯದೇ ನಿಮಗೆ ಅಗ್ಗವಾಯಿತು, ಅಲ್ವಾ? ಎಲ್ಲರಿಗೂ ಗೊತ್ತಿರುವ, ಬೇಡಿಕೆ ಇರುವ ನಾಣ್ಯಕ್ಕೆ ಕೊಟ್ಟ ಪ್ರೀಮಿಯಂನಲ್ಲಿ ಒಂದು ಪಾಲು ಮಾರುವಾಗ ವಾಪಸ್ ಬರುತ್ತದೆ. ಯಾರಿಗೂ ಪರಿಚಯವಿಲ್ಲದ ನಾಣ್ಯಕ್ಕೆ ಕೊಟ್ಟದ್ದು ಬರುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ವ್ಯಾಪಾರಿಗೆ ಒಂದು ಪ್ರಶ್ನೆ ಕೇಳಿ: "ಇದೇ ನಾಣ್ಯವನ್ನು ಇವತ್ತು ನಾನು ನಿಮಗೆ ಮಾರಲು ತಂದರೆ ಎಷ್ಟು ಕೊಡುತ್ತೀರಿ?" ಇಬ್ಬರು ಮೂವರನ್ನು ಕೇಳಿ. ನೇರವಾಗಿ ಅಂಕಿ ಹೇಳುವವರ ಹತ್ತಿರ ವ್ಯವಹಾರ ಮಾಡಿ. ಮಾತು ತೇಲಿಸುವವರನ್ನು ಬಿಟ್ಟುಬಿಡಿ. ನನ್ನ ಮಟ್ಟಿಗೆ ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಈ ಪ್ರಶ್ನೆಯನ್ನು ಇಟ್ಟುಕೊಳ್ಳಿ.

ಇನ್ನು ಸರ್ಕಾರಿ ನಾಣ್ಯವೇ ಯಾಕೆ? ಖಾಸಗಿ ಕಂಪನಿಗಳೂ ಗುಂಡನೆಯ ಚಿನ್ನದ ಬಿಲ್ಲೆ ಮಾಡುತ್ತವೆ, ಅಗ್ಗವೂ ಹೌದು. ಆದರೆ ಅದು ಪದಕ, ನಾಣ್ಯ ಅಲ್ಲ. ಸರ್ಕಾರಿ ನಾಣ್ಯದ ತೂಕ ಮತ್ತು ಶುದ್ಧತೆಗೆ ಒಂದು ದೇಶದ ಕಾನೂನೇ ಜಾಮೀನು. ಅದನ್ನು ನಕಲು ಮಾಡಿದರೆ ಖೋಟಾ ನಾಣ್ಯದ ಅಪರಾಧ. ಮೇಲಿರುವ ಮುಖಬೆಲೆ ಹೆಸರಿಗೆ ಮಾತ್ರ. ಒಂದು ಔನ್ಸಿನ ಅಮೆರಿಕನ್ ಈಗಲ್ ಮೇಲೆ 50 ಡಾಲರ್ ಎಂದಿದೆ. ಅದನ್ನು 50 ಡಾಲರಿಗೆ ಕೊಡುವವರು ಯಾರೂ ಇಲ್ಲ. ಕ್ರೂಗರ್‌ರಾಂಡ್ ಮೇಲಂತೂ ಮುಖಬೆಲೆಯೇ ಇಲ್ಲ, ಆದರೂ ಅದು ಕಾನೂನುಬದ್ಧ ಹಣ.

ಒಂದು ಔನ್ಸಿನ ನಾಣ್ಯಗಳು

ಈ ಕಥೆ ಶುರುವಾಗುವುದು 1967ರಲ್ಲಿ, ಕ್ರೂಗರ್‌ರಾಂಡ್‌ನಿಂದ. ತನ್ನ ಗಣಿಗಳ ಚಿನ್ನವನ್ನು ಜನಸಾಮಾನ್ಯರಿಗೆ ಮಾರಲು ದಕ್ಷಿಣ ಆಫ್ರಿಕಾ ಈ ನಾಣ್ಯ ತಂದಿತು. ಒಳಗೆ ಸರಿಯಾಗಿ ಒಂದು ಔನ್ಸ್ ಚಿನ್ನ. ಹಾಗಾಗಿ ಆ ದಿನದ ದರವೇ ಹೆಚ್ಚುಕಡಿಮೆ ನಾಣ್ಯದ ಬೆಲೆ, ಗುಣಿಸುವ ಭಾಗಿಸುವ ಕೆಲಸ ಇಲ್ಲ. ಮುಂದೆ ಬಂದ ದೇಶಗಳೆಲ್ಲ ಹಿಡಿದದ್ದು ಇದೇ ದಾರಿ. ಒಂದು ಬದಿಯಲ್ಲಿ ಅಲ್ಲಿನ ಹಿಂದಿನ ಕಾಲದ ನಾಯಕ ಪಾಲ್ ಕ್ರೂಗರ್ ಮುಖ, ಇನ್ನೊಂದು ಬದಿಯಲ್ಲಿ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ ಜಾತಿಯ ಪ್ರಾಣಿ. 1970ರ ದಶಕದಲ್ಲಿ ಚಿನ್ನದ ನಾಣ್ಯ ಎಂದರೆ ಇದೇ ಎನ್ನುವಷ್ಟು ಹಬ್ಬಿತು. ಆಮೇಲೆ ವರ್ಣಭೇದ ನೀತಿಯ ವಿರುದ್ಧ ದೇಶಗಳು ನಿರ್ಬಂಧ ಹೇರಿದವು. 1985ರಲ್ಲಿ ಅಮೆರಿಕ ಇದರ ಆಮದನ್ನೇ ನಿಲ್ಲಿಸಿತು. ಅದೇ ವರ್ಷ ತನ್ನದೇ ನಾಣ್ಯಕ್ಕೆ ಕಾನೂನು ಮಾಡಿ 1986ರಲ್ಲಿ ಈಗಲ್ ತಂದಿತು. 1987ರಲ್ಲಿ ಬ್ರಿಟನ್ನಿನ ಬ್ರಿಟಾನಿಯಾ ಬಂತು. ಖಾಲಿಯಾದ ಜಾಗ ಹೀಗೆ ತುಂಬಿಕೊಂಡಿತು.

ನಿರ್ಬಂಧ ತೆಗೆದು ದಶಕಗಳೇ ಕಳೆದಿವೆ. ಈಗ ಹಳೆಯ ಕ್ರೂಗರ್‌ರಾಂಡ್‌ಗಳು ಕೈಬದಲಾವಣೆಯ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಸುಮ್ನೆ ಚಿನ್ನ ಕೂಡಿಡಬೇಕು ಎನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಇಸವಿ ಯಾವುದಾದರೂ ಪರವಾಗಿಲ್ಲ, ಸಣ್ಣಪುಟ್ಟ ಗೀರಿದ್ದರೂ ಬೆಲೆ ಅಷ್ಟಾಗಿ ಬೀಳುವುದಿಲ್ಲ. ಗಟ್ಟಿ ಲೋಹ, ಪ್ರೀಮಿಯಂ ಸಾಮಾನ್ಯವಾಗಿ ಕಡಿಮೆ, ಬಹುತೇಕ ಎಲ್ಲ ಕಡೆ ಗುರುತು ಹಿಡಿಯುತ್ತಾರೆ. ಬಣ್ಣ ಕೆಲವರಿಗೆ ಹಿಡಿಸುವುದಿಲ್ಲ, ಅದೊಂದೇ.

ಅಮೆರಿಕನ್ ಈಗಲ್ ಕೂಡ 22 ಕ್ಯಾರೆಟ್, ತೂಕವೂ ಅದೇ 33.93 ಗ್ರಾಂ. ಆದರೆ ಬೆರಕೆಯಲ್ಲಿ ತಾಮ್ರದ ಜೊತೆ ನೂರಕ್ಕೆ 3ರಷ್ಟು ಬೆಳ್ಳಿ ಇದೆ. ಆ ಬೆಳ್ಳಿ ಕೆಂಪನ್ನು ತಗ್ಗಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮುಂಬದಿಯಲ್ಲಿರುವ, ಸ್ವಾತಂತ್ರ್ಯದ ಪ್ರತೀಕವಾದ ಲಿಬರ್ಟಿ ಎಂಬ ಹೆಣ್ಣಿನ ಚಿತ್ರ ಅಗಸ್ಟಸ್ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿಯದು, 1907ರ 20 ಡಾಲರ್ ನಾಣ್ಯದಿಂದ ತೆಗೆದದ್ದು. ಇಷ್ಟು ಸುಂದರವಾದ ಚಿತ್ರ ದಿನಬಳಕೆಗೆ ಅಚ್ಚಾದ ನಾಣ್ಯಗಳಲ್ಲಿ ಕಡಿಮೆ. 1986ರಿಂದ 1991ರವರೆಗಿನ ಈಗಲ್‌ಗಳಲ್ಲಿ ಇಸವಿ ರೋಮನ್ ಅಂಕಿಗಳಲ್ಲಿದೆ. 2021ರ ನಡುವೆ ಹಿಂಬದಿಯ ಚಿತ್ರ ಬದಲಾಯಿತು. ಆಗಲೇ ಅಂಚಿನ ಗೆರೆಗಳ ಸಾಲಿನಲ್ಲಿ ಬೇಕೆಂದೇ ಒಂದು ಜಾಗ ಖಾಲಿ ಬಿಡಲು ಶುರು ಮಾಡಿದರು. ನಕಲಿ ಹಿಡಿಯಲು ಅದೂ ಒಂದು ಗುರುತು. ಅಮೆರಿಕದಲ್ಲಿ ಮಾರುವವರಿಗೆ ಇದಕ್ಕಿಂತ ಸಲೀಸಾದ ನಾಣ್ಯ ಇಲ್ಲ. ಬೇರೆ ದೇಶದಲ್ಲಿ ಕೊಂಡು ಬೇರೆ ದೇಶದಲ್ಲೇ ಮಾರುವವರು ಮಾತ್ರ ಜಾಸ್ತಿ ಪ್ರೀಮಿಯಂ ಕೊಡುವ ಮುನ್ನ ಯೋಚಿಸಬೇಕು.

24 ಕ್ಯಾರೆಟ್‌ನ ಸಾಲಿನಲ್ಲಿ ಹಿರಿಯದು ಕೆನಡಾದ ಮೇಪಲ್ ಲೀಫ್. 1979ರಲ್ಲಿ ಬಂದಾಗ ಶುದ್ಧತೆ ಸಾವಿರಕ್ಕೆ 999. 1982ರಲ್ಲಿ ಅದನ್ನು 999.9ಕ್ಕೆ ಏರಿಸಿದರು. 'ನಾಲ್ಕು ಒಂಬತ್ತು' ಎಂದು ವ್ಯಾಪಾರಿಗಳು ಕರೆಯುವುದು ಇದನ್ನೇ. ಅಡ್ಡಳತೆ 30 ಮಿಲಿಮೀಟರ್. ನಕಲಿ ತಡೆಯುವ ಕೆಲಸದಲ್ಲಿ ಕೆನಡಾದ ಟಂಕಸಾಲೆ ನಿಜಕ್ಕೂ ಮುಂದಿದೆ. ಈಚಿನ ವರ್ಷಗಳ ನಾಣ್ಯವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ನಡುವಿನಿಂದ ಹೊರಗೆ ಹರಡಿದ ತೆಳು ಗೆರೆಗಳ ಮೇಲೆ ಬೆಳಕು ಓಡಾಡುತ್ತದೆ. ದೊಡ್ಡ ಎಲೆಯ ಹತ್ತಿರ ಚುಕ್ಕೆಯಂಥ ಇನ್ನೊಂದು ಪುಟ್ಟ ಎಲೆ ಇದೆ. ಭೂತಗನ್ನಡಿ ಹಿಡಿದರೆ ಅದರೊಳಗೆ ಇಸವಿಯ ಕೊನೆಯ ಎರಡು ಅಂಕಿ ಕಾಣುತ್ತವೆ. ಆದರೆ ಆ ಗೆರೆಗಳ ಮೇಲೆ ಬೆರಳಿನ ಗುರುತು ಬಿದ್ದರೂ ಎದ್ದು ಕಾಣುತ್ತದೆ. ಆದ್ದರಿಂದ ಮೇಪಲ್ ಲೀಫ್ ಕೊಂಡರೆ ಕವಚದಿಂದ ತೆಗೆಯಬೇಡಿ.

ಇದೇ ಟಂಕಸಾಲೆ 2007ರಲ್ಲಿ 100 ಕಿಲೋ ತೂಕದ ಒಂದು ಮೇಪಲ್ ಲೀಫ್ ಮಾಡಿತ್ತು. ಮುಖಬೆಲೆ 10 ಲಕ್ಷ ಕೆನಡಾ ಡಾಲರ್. ಅಂಥದ್ದೇ ಒಂದು ನಾಣ್ಯ ಬರ್ಲಿನ್ನಿನ ಬೋಡೆ ಮ್ಯೂಸಿಯಂನಲ್ಲಿತ್ತು. 2017ರ ಮಾರ್ಚಿನ ಒಂದು ರಾತ್ರಿ ಅದನ್ನು ಕದ್ದೊಯ್ದರು. ಸಿಕ್ಕಿಲ್ಲ. ನಾಣ್ಯದ ಚಿತ್ರ, ಹೆಸರು ಎಷ್ಟು ದೊಡ್ಡದಾದರೂ ಕೊನೆಗೆ ಅದು ಕರಗುವ ಲೋಹ.

ಫಿಲ್‌ಹಾರ್ಮೋನಿಕ್ ನನಗೆ ತುಂಬ ಇಷ್ಟವಾದ ನಾಣ್ಯ. 1989ರಲ್ಲಿ ಬಂತು, ಶುದ್ಧತೆ 999.9. ರಾಜನಿಲ್ಲ, ರಾಣಿಯಿಲ್ಲ, ಅಧ್ಯಕ್ಷರಿಲ್ಲ. ಒಂದು ಬದಿಯಲ್ಲಿ ವಿಯೆನ್ನಾದ ಸಂಗೀತ ಸಭಾಂಗಣದ ದೊಡ್ಡ ಆರ್ಗನ್, ಇನ್ನೊಂದು ಬದಿಯಲ್ಲಿ ಪಿಟೀಲು, ಚೆಲ್ಲೋ, ಹಾರ್ಪ್, ಕಹಳೆ. 37 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಮೊದಲು ಮುಖಬೆಲೆ 2000 ಶಿಲ್ಲಿಂಗ್ ಇತ್ತು, 2002ರಿಂದ 100 ಯೂರೋ. ಚಿತ್ರ ಮಾತ್ರ ಬದಲಾಗಿಲ್ಲ. ಯೂರೋಪಿನಲ್ಲಿ ಕೊಳ್ಳಲೂ ಮಾರಲೂ ಸುಲಭ. ಅಗಲ ಮತ್ತು ತೆಳುವಾದ್ದರಿಂದ ಬೀಳಿಸಿದರೆ ಅಂಚಿಗೆ ಪೆಟ್ಟು ಬೇಗ ಆಗುತ್ತದೆ.

ಬ್ರಿಟಾನಿಯಾ ಕೊಳ್ಳುವಾಗ ಇಸವಿ ನೋಡಲೇಬೇಕು. 2012ರವರೆಗಿನದು 22 ಕ್ಯಾರೆಟ್, 2013ರಿಂದ 999.9. ಎರಡರಲ್ಲೂ ಚಿನ್ನ ಒಂದು ಔನ್ಸೇ, ತೂಕ ಮಾತ್ರ ಬೇರೆ. ಇದು ಗೊತ್ತಿಲ್ಲದೆ ಹಳೆಯದನ್ನು ತಕ್ಕಡಿಗೆ ಹಾಕಿ ನಕಲಿ ಎಂದುಕೊಂಡವರಿದ್ದಾರೆ. 2021ರಿಂದ ಇದಕ್ಕೆ ಒಳ್ಳೆಯ ಸುರಕ್ಷತಾ ಗುರುತುಗಳು ಬಂದಿವೆ. ನಾಣ್ಯ ಓರೆ ಮಾಡಿದರೆ ತ್ರಿಶೂಲ ಇದ್ದ ಜಾಗದಲ್ಲಿ ಬೀಗ ಕಾಣುತ್ತದೆ, ಹಿಂದಿನ ಅಲೆಗಳು ಚಲಿಸಿದಂತೆ ತೋರುತ್ತವೆ. ಅಮೆರಿಕದ ಬಫಲೋ 2006ರಲ್ಲಿ ಬಂದ 999.9 ನಾಣ್ಯ. ಈಗಲ್‌ನ ಬೆರಕೆ ಬೇಡ ಎನ್ನುವವರಿಗೆ ಅದು ಸರಿ.

ಆಸ್ಟ್ರೇಲಿಯಾದ ಕಾಂಗರೂ ಮತ್ತು ಚೀನಾದ ಪಾಂಡಾ ಬೇರೆ ಜಾತಿಯವು. ಇವುಗಳ ಚಿತ್ರ ವರ್ಷವರ್ಷ ಬದಲಾಗುತ್ತದೆ. ಹಾಗಾಗಿ ಚಿನ್ನವೂ ಬೇಕು, ಸಂಗ್ರಹದ ಖುಷಿಯೂ ಬೇಕು ಎನ್ನುವವರಿಗೆ ಹೇಳಿ ಮಾಡಿಸಿದಂತಿವೆ. ಪಾಂಡಾ 1982ರಲ್ಲಿ ಶುರುವಾಯಿತು. 2001ರ ಚಿತ್ರವನ್ನೇ 2002ರಲ್ಲೂ ಉಳಿಸಿಕೊಂಡಾಗ ಸಂಗ್ರಾಹಕರು ಒಪ್ಪಲಿಲ್ಲ, ಮತ್ತೆ ಬದಲಾಯಿಸುವ ಪದ್ಧತಿಯೇ ಬಂತು. ಪಾಂಡಾ ಕೊಳ್ಳುವವರು ಗಮನಿಸಬೇಕಾದ ವಿಷಯ ಒಂದಿದೆ. 2016ರಿಂದ ಅದರ ತೂಕ ಔನ್ಸಿನಲ್ಲಿಲ್ಲ, ಗ್ರಾಮಿನಲ್ಲಿದೆ. ಒಂದು ಔನ್ಸಿನದರ ಜಾಗಕ್ಕೆ ಬಂದದ್ದು 30 ಗ್ರಾಂ. ಔನ್ಸಿಗಿಂತ 1.1 ಗ್ರಾಂ, ಅಂದರೆ ನೂರಕ್ಕೆ ಮೂರೂವರೆಯಷ್ಟು ಕಡಿಮೆ. 'ಒಂದು ಔನ್ಸಿನ ಮೇಪಲ್‌ಗಿಂತ ಪಾಂಡಾ ಅಗ್ಗ' ಎನಿಸಿದರೆ ಕಾರಣ ಅದೇ ಇರಬಹುದು. ನಾಣ್ಯಕ್ಕೆ ನಾಣ್ಯ ಹೋಲಿಸಬೇಡಿ. ಬೆಲೆಯನ್ನು ಒಳಗಿರುವ ಅಪ್ಪಟ ಚಿನ್ನದ ಗ್ರಾಮಿಗೆ ಇಳಿಸಿ, ಆಮೇಲೆ ಹೋಲಿಸಿ.

ಚಿಕ್ಕ ನಾಣ್ಯಗಳು, ಮತ್ತು ಸವರನ್

ಒಂದು ಔನ್ಸ್ ಕೈಗೆಟುಕುವುದಿಲ್ಲ, ಚಿಕ್ಕದು ಕೊಳ್ಳೋಣ ಎಂದರೆ ಅರ್ಧ, ಕಾಲು, ಹತ್ತನೇ ಒಂದು ಔನ್ಸಿನವು ಇವೆ. ಇಲ್ಲಿ ಪ್ರೀಮಿಯಂ ಚುಚ್ಚುತ್ತದೆ. ಚಿಕ್ಕ ನಾಣ್ಯಕ್ಕೂ ಅಚ್ಚು ಬೇಕು, ತಪಾಸಣೆ ಬೇಕು, ಕವಚ ಬೇಕು. ಚಿನ್ನ ಹತ್ತನೇ ಒಂದು ಭಾಗವಾದರೂ ಖರ್ಚು ಹತ್ತನೇ ಒಂದು ಭಾಗಕ್ಕೆ ಇಳಿಯುವುದಿಲ್ಲ. ಹತ್ತು ಪುಟ್ಟ ನಾಣ್ಯ ಕೊಳ್ಳುವ ದುಡ್ಡಿನಲ್ಲಿ ಒಂದು ಔನ್ಸಿನದು ಕೊಂಡು ಮಿಗಿಸಬಹುದು. ಆದರೆ ಕಷ್ಟ ಬಂದಾಗ ಒಂದು ಔನ್ಸನ್ನು ಕತ್ತರಿಸಿ ಅರ್ಧ ಮಾರಲು ಆಗುವುದಿಲ್ಲವಲ್ಲ. ಆ ಅನುಕೂಲಕ್ಕೆ ಕೊಡುವ ಬೆಲೆ ಇದು ಎಂದು ತಿಳಿದು ಕೊಂಡರೆ ತಪ್ಪಿಲ್ಲ.

ಇದಕ್ಕೆ ನನ್ನ ಉತ್ತರ ಬ್ರಿಟನ್ನಿನ ಸವರನ್. ತೂಕ 7.988 ಗ್ರಾಂ, 22 ಕ್ಯಾರೆಟ್, ಒಳಗೆ ಅಪ್ಪಟ ಚಿನ್ನ 7.32 ಗ್ರಾಂ. ಕಾಲು ಔನ್ಸಿಗಿಂತ ತುಸು ಕಡಿಮೆ. ಇಂದಿನ ರೂಪದಲ್ಲಿ 1817ರಿಂದ ಬರುತ್ತಿದೆ. ಅಳತೆ ಅಂದಿನಿಂದ ಇಂದಿನವರೆಗೂ ಅದೇ. ಹಿಂಬದಿಯಲ್ಲಿ ಕುದುರೆ ಏರಿ ಡ್ರ್ಯಾಗನ್ ಕೊಲ್ಲುತ್ತಿರುವ ಸೇಂಟ್ ಜಾರ್ಜ್, ಬೆನೆಡೆಟ್ಟೊ ಪಿಸ್ಟ್ರುಚಿ ಎಂಬ ಇಟಲಿಯವನ ಕೆತ್ತನೆ. ಕೋಟಿಗಟ್ಟಲೆ ಅಚ್ಚಾಗಿ ಜಗತ್ತೆಲ್ಲ ಸುತ್ತಿದ ನಾಣ್ಯ ಇದು. ಹಾಗಾಗಿ ಹಳೆಯ ಸಾಮಾನ್ಯ ಇಸವಿಗಳವು ಚಿನ್ನದ ಬೆಲೆಯ ಹತ್ತಿರಕ್ಕೇ ಸಿಗುತ್ತವೆ.

ಸಂಗ್ರಾಹಕರಿಗೆ ಇದರೊಳಗೆ ಇನ್ನೊಂದು ಲೋಕವೇ ಇದೆ. ಭೂತಗನ್ನಡಿ ಹಿಡಿದು, ಯಾವ ಊರಿನ ಟಂಕಸಾಲೆಯದು ಎಂದು ಹೇಳುವ ಪುಟ್ಟ ಅಕ್ಷರ ಹುಡುಕಿ. ಎಸ್ ಇದ್ದರೆ ಸಿಡ್ನಿ, ಎಂ ಇದ್ದರೆ ಮೆಲ್ಬರ್ನ್, ಪಿ ಇದ್ದರೆ ಪರ್ತ್, ಸಿ ಇದ್ದರೆ ಕೆನಡಾದ ಒಟ್ಟಾವಾ, ಎಸ್‌ಎ ಇದ್ದರೆ ಪ್ರಿಟೋರಿಯಾ. 1918ರ ನಾಣ್ಯದ ಮೇಲೆ ಐ ಇದ್ದರೆ ಮುಂಬಯಿ, ಅಲ್ಲಿ ಅಚ್ಚಾದದ್ದು ಆ ವರ್ಷ ಮಾತ್ರ. ಅಕ್ಷರವೇ ಇಲ್ಲದಿದ್ದರೆ ಸಾಮಾನ್ಯವಾಗಿ ಲಂಡನ್. 1917ರ ಪರ್ತ್ ಸವರನ್ ಮಾಮೂಲಿ. ಅದೇ 1917ರ ಲಂಡನ್ ಸವರನ್ ಅಪರೂಪ, ಬೆಲೆ ಎಷ್ಟೋ ಪಟ್ಟು. ಚಿನ್ನ ಒಂದೇ, ಚಿತ್ರ ಒಂದೇ, ಇಸವಿ ಒಂದೇ. ವ್ಯತ್ಯಾಸ ಇರುವುದು ಒಂದು ಪುಟ್ಟ ಅಕ್ಷರದಲ್ಲಿ. ಅಷ್ಟಕ್ಕೇ ಅದಕ್ಕೆ ನಕಲಿಗಳೂ ಹುಟ್ಟಿಕೊಂಡಿವೆ.

ಹಳೆಯ ಇಸವಿ ಇದ್ದ ಮಾತ್ರಕ್ಕೆ ನಾಣ್ಯ ಹಳೆಯದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಸ್ಟ್ರಿಯಾದ ಚಿನ್ನದ ಡ್ಯುಕಾಟ್ ಮೇಲೆ 1915 ಎಂದಿರುತ್ತದೆ. ಆದರೆ ಅದೇ ಇಸವಿ ಹಾಕಿ ಆಸ್ಟ್ರಿಯಾದ ಟಂಕಸಾಲೆ ಆಮೇಲೂ ಅಚ್ಚು ಹಾಕುತ್ತಲೇ ಬಂದಿದೆ, ಮುಚ್ಚುಮರೆ ಇಲ್ಲದೆ. ಚಿನ್ನವಾಗಿ ಒಳ್ಳೆಯ ನಾಣ್ಯ. ಪುರಾತನ ಎಂದು ಹೇಳಿ ದುಬಾರಿಗೆ ಮಾರಲು ಬಂದರೆ ಕೊಳ್ಳಬೇಡಿ.

ಸಂಗ್ರಾಹಕರ ದಾರಿ

ಒಂದು ನಾಣ್ಯಕ್ಕೆ ಮೂರು ಬೆಲೆ ಇರಬಹುದು: ಮೇಲೆ ಬರೆದ ಬೆಲೆ, ಒಳಗಿನ ಚಿನ್ನದ ಬೆಲೆ, ಬೇಕೆನ್ನುವವನು ಕೊಡುವ ಬೆಲೆ. ಅಮೆರಿಕದ 1933ರ 20 ಡಾಲರ್ ನಾಣ್ಯದಷ್ಟು ಚೆನ್ನಾಗಿ ಇದನ್ನು ತೋರಿಸುವುದು ಇನ್ನೊಂದಿಲ್ಲ. ಆ ವರ್ಷ ಸರ್ಕಾರ ಜನರಿಂದ ಚಿನ್ನ ವಾಪಸ್ ತೆಗೆದುಕೊಂಡಿತು. ಅಚ್ಚಾಗಿದ್ದ ನಾಣ್ಯಗಳನ್ನು ಹಂಚಲಿಲ್ಲ, ಬಹುತೇಕ ಎಲ್ಲವನ್ನೂ ಕರಗಿಸಿದರು. ಖಾಸಗಿಯವರು ಕಾನೂನುಬದ್ಧವಾಗಿ ಇಟ್ಟುಕೊಳ್ಳಬಹುದಾದದ್ದು ಒಂದೇ ಒಂದು. ಅದರೊಳಗೆ ಇರುವುದು 30 ಗ್ರಾಂ ಆಸುಪಾಸಿನ ಚಿನ್ನ. 2021ರ ಹರಾಜಿನಲ್ಲಿ ಅದು ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಹೋಯಿತು.

ಈ ಕಥೆಯ ಆಸೆ ತೋರಿಸಿಯೇ ಎಷ್ಟೋ ಹೊಸ ನಾಣ್ಯಗಳನ್ನು ಮಾರುತ್ತಾರೆ. ಆದರೆ ಆ ನಾಣ್ಯ ಅಪರೂಪವಾದದ್ದು ಯಾರೂ ಬಯಸದ ರೀತಿಯಲ್ಲಿ. ಇವತ್ತು 'ಸೀಮಿತ ಸಂಖ್ಯೆ' ಎಂದು ಬರೆದೇ ಬರುವ ನಾಣ್ಯ ಅಪರೂಪವಾಗುವುದು ಕಷ್ಟ, ಕೊಂಡವರೆಲ್ಲ ಜೋಪಾನವಾಗಿ ಇಟ್ಟಿರುತ್ತಾರೆ. ಬೆಲೆ ಏರುವುದು ಬಹಳ ಸಲ ಯಾರ ಲೆಕ್ಕಕ್ಕೂ ಸಿಗದ ಕಡೆ. 1999ರಲ್ಲಿ ಅಮೆರಿಕದ ಟಂಕಸಾಲೆಯಲ್ಲಿ ಕಾಲು ಔನ್ಸ್ ಮತ್ತು ಹತ್ತನೇ ಒಂದು ಔನ್ಸಿನ ಮಾಮೂಲಿ ಈಗಲ್‌ಗಳಲ್ಲಿ ಕೆಲವು, ಸಂಗ್ರಾಹಕರಿಗೆಂದು ವಿಶೇಷವಾಗಿ ತಯಾರಿಸುವ ಪ್ರೂಫ್ ನಾಣ್ಯಕ್ಕೆಂದು ಮಾಡಿ ಹೊಳಪು ಕೊಡದ ಅಚ್ಚಿನಿಂದ ತಯಾರಾದವು. ಮಾಮೂಲಿ ಈಗಲ್ ಮೇಲೆ ಇರಬಾರದ, ಟಂಕಸಾಲೆಯ ಗುರುತಾದ ಡಬ್ಲ್ಯು ಅಕ್ಷರ ಅವುಗಳ ಮೇಲಿದೆ. ಚಿನ್ನದ ಬೆಲೆಗೆ ಕೊಂಡವರ ಕೈಗೆ ಹಾಗೇ ಬಂದ ಅಪರೂಪ ಅದು. ಹಾಗಾಗಿ ನಿಮ್ಮ ಹತ್ತಿರ ಇರುವುದನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿ.

ಪ್ರೂಫ್ ಎಂದರೆ ಹೊಳಪು ಕೊಟ್ಟ ಅಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಲ ಒತ್ತಿ ಮಾಡಿದ ನಾಣ್ಯ. ಹಿನ್ನೆಲೆ ಕನ್ನಡಿಯಂತೆ, ಚಿತ್ರ ಮಂಜು ಕವಿದಂತೆ. ಕೈಯಲ್ಲಿ ಹಿಡಿದರೆ ಮನಸ್ಸು ಸೋಲುತ್ತದೆ. ಕ್ರೂಗರ್‌ರಾಂಡ್‌ನಲ್ಲಿ ಮಾಮೂಲಿಗೂ ಪ್ರೂಫ್‌ಗೂ ಅಂಚಿನಲ್ಲೇ ವ್ಯತ್ಯಾಸ ಇದೆ: ಮಾಮೂಲಿಯಲ್ಲಿ 160 ಗೆರೆ, ಪ್ರೂಫ್‌ನಲ್ಲಿ 220. ಪ್ರೂಫ್ ಕೊಳ್ಳುವುದಾದರೆ ಕಣ್ಣಿಗೆ ಇಷ್ಟ ಎಂದೇ ಕೊಳ್ಳಿ. ಹೂಡಿಕೆ ಎಂದು ಕೊಳ್ಳಬೇಡಿ. ಟಂಕಸಾಲೆಯಲ್ಲಿ ಕೊಟ್ಟ ಹೆಚ್ಚುವರಿ ದುಡ್ಡನ್ನು ಮಾರುವಾಗ ಕೊಡುವವರು ಸಿಗುವುದು ಕಷ್ಟ. ಬಹಳ ಪ್ರೂಫ್‌ಗಳು ಕೊನೆಗೆ ಚಿನ್ನದ ಬೆಲೆಗೇ ಬಂದು ನಿಲ್ಲುತ್ತವೆ.

ದರ್ಜೆ ಹಾಕಿದ ನಾಣ್ಯಗಳ ಬಗ್ಗೆಯೂ ನನ್ನದು ಇದೇ ಅಭಿಪ್ರಾಯ. ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ 1ರಿಂದ 70ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುತ್ತವೆ. ಹಳೆಯ, ಬೆಲೆಬಾಳುವ ನಾಣ್ಯಕ್ಕೆ ಇದು ದೊಡ್ಡ ರಕ್ಷಣೆ. ಅಸಲಿಯೇ, ಉಜ್ಜಿದ್ದಾರೆಯೇ, ಎಲ್ಲ ಗೊತ್ತಾಗುತ್ತದೆ. ಆದರೆ ಮೊನ್ನೆ ಮೊನ್ನೆ ಲಕ್ಷಗಟ್ಟಲೆ ಅಚ್ಚಾದ ಮಾಮೂಲಿ ಈಗಲ್ 70 ಅಂಕ ಪಡೆದಿದೆ ಎಂದು ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. 69ಕ್ಕೂ 70ಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ನಾಣ್ಯ ಉಜ್ಜಬೇಡಿ. ನನಗೆ ಬೇಕಾದವರೊಬ್ಬರು ತಮ್ಮ ಅಜ್ಜಿಯ ಕಾಲದ ಸವರನ್ ಒಂದನ್ನು ತೋರಿಸುವ ಮುನ್ನ ಪ್ರೀತಿಯಿಂದ ಪುಡಿ ಹಾಕಿ ತಿಕ್ಕಿ ಹೊಳಪು ಬರಿಸಿದ್ದರು. ದೂರದಿಂದ ಫಳಫಳ. ಭೂತಗನ್ನಡಿ ಹಿಡಿದಾಗ ರಾಣಿಯ ಕೆನ್ನೆಯ ಮೇಲೆಲ್ಲ ಕೂದಲೆಳೆಯಂಥ ಗೀರುಗಳು, ಒಂದೇ ದಿಕ್ಕಿಗೆ. ನೂರು ವರ್ಷ ಹಾಗೇ ಉಳಿದಿದ್ದ ಮೇಲ್ಮೈ ಒಂದು ಮಧ್ಯಾಹ್ನದಲ್ಲಿ ಹೋಗಿತ್ತು. ಚಿನ್ನಕ್ಕೇನೂ ಆಗಿಲ್ಲ. ಸಂಗ್ರಾಹಕನು ಕೊಡುತ್ತಿದ್ದ ಹೆಚ್ಚಿನ ಬೆಲೆ ಮಾತ್ರ ಹೋಯಿತು. ಕೊಳೆ ಇದ್ದರೂ ಇರಲಿ, ಅಂಚು ಹಿಡಿದು ಎತ್ತಿ, ಮೆತ್ತನೆಯ ಬಟ್ಟೆಯ ಮೇಲೆ ಇಡಿ.

ಅಸಲಿಯೋ ನಕಲಿಯೋ

ಚಿನ್ನ ತುಂಬ ಭಾರದ ಲೋಹ. ನಕಲಿ ಮಾಡುವವನಿಗೆ ಇದೇ ದೊಡ್ಡ ತೊಡಕು. ಅಗ್ಗದ ಲೋಹದಲ್ಲಿ ತೂಕ ಸರಿ ಮಾಡಿದರೆ ನಾಣ್ಯ ದಪ್ಪವಾಗುತ್ತದೆ, ದಪ್ಪ ಸರಿ ಮಾಡಿದರೆ ತೂಕ ಕಮ್ಮಿಯಾಗುತ್ತದೆ. ಆದ್ದರಿಂದ ತೂಕ, ಅಡ್ಡಳತೆ, ದಪ್ಪ, ಮೂರನ್ನೂ ಅಳೆಯಿರಿ. ಒಂದನ್ನೇ ಅಳೆದು ಸುಮ್ಮನಾಗಬೇಡಿ.

ನೀರಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ತೆಳು ದಾರಕ್ಕೆ ನಾಣ್ಯ ಕಟ್ಟಿ ನೀರಿನಲ್ಲಿ ಮುಳುಗಿಸಿ. ತಳಕ್ಕೆ, ಗೋಡೆಗೆ ತಾಗಬಾರದು, ಗುಳ್ಳೆ ಅಂಟಿರಬಾರದು. ಒಂದು ಔನ್ಸಿನ 24 ಕ್ಯಾರೆಟ್ ನಾಣ್ಯವಾದರೆ ತಕ್ಕಡಿ 1.6 ಗ್ರಾಂ ಆಸುಪಾಸು ತೋರಿಸಬೇಕು. ಕ್ರೂಗರ್‌ರಾಂಡ್ ಆದರೆ 1.9 ಆಸುಪಾಸು. 31.1 ಗ್ರಾಂ ತೂಕದ ಸೀಸದ ಬಿಲ್ಲೆಯಾದರೆ 2.7, ತಾಮ್ರದ್ದಾದರೆ 3.5ರ ಹತ್ತಿರ. ನಾಣ್ಯ ಒಣಗಿಸುವಾಗ ಉಜ್ಜಬೇಡಿ, ಮೆತ್ತಗೆ ಒತ್ತಿ ತೆಗೆಯಿರಿ. ಸಂಗ್ರಹದ ಬೆಲೆ ಇರುವ ನಾಣ್ಯಕ್ಕೆ ಈ ಪರೀಕ್ಷೆಯೇ ಬೇಡ.

ಈ ಪರೀಕ್ಷೆಗೆ ಸಿಗದ ಅಗ್ಗದ ಲೋಹ ಎಂದರೆ ಮುಖ್ಯವಾಗಿ ಟಂಗ್‌ಸ್ಟನ್. ಅದರ ಸಾಂದ್ರತೆ 19.25, ಚಿನ್ನದ್ದು 19.3. ಆದರೆ ಅದು ಗಡುಸು, ಅಚ್ಚಿಗೆ ಬಗ್ಗುವುದಿಲ್ಲ. ದಪ್ಪ ಗಟ್ಟಿಯೊಳಗೆ ಅಡಗಿಸಿದಷ್ಟು ಸುಲಭವಾಗಿ ತೆಳು ನಾಣ್ಯದೊಳಗೆ ಅಡಗಿಸಲು ಬರುವುದಿಲ್ಲ. ದೊಡ್ಡ ಚಿನ್ನದ ಗಟ್ಟಿಗಿಂತ ನಾಣ್ಯ ವಾಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಒಳಗಿನ ವಿದ್ಯುತ್ ವಾಹಕತೆ ಅಳೆಯುವ ಯಂತ್ರ ಒಳ್ಳೆಯ ವ್ಯಾಪಾರಿಗಳ ಹತ್ತಿರ ಇರುತ್ತದೆ. ಕವಚದ ಮೇಲಿಂದಲೇ ನೋಡಬಹುದು. ಕೇಳಿ, ಮುಜುಗರ ಬೇಡ.

ತೆರಿಗೆ ಲೆಕ್ಕವನ್ನೇ ತಿರುಗಿಸಬಹುದು

ಒಂದೇ ನಾಣ್ಯ ಒಂದು ದೇಶದಲ್ಲಿ ಲಾಭ, ಇನ್ನೊಂದರಲ್ಲಿ ಅಲ್ಲ. ಬ್ರಿಟನ್ನಿನಲ್ಲಿ ಬ್ರಿಟಾನಿಯಾ ಮತ್ತು 1837ರಿಂದ ಈಚಿನ ಸವರನ್ ಮಾರಿದ ಲಾಭಕ್ಕೆ ಬಂಡವಾಳ ಲಾಭ ತೆರಿಗೆ ಇಲ್ಲ, ಅವು ಅಲ್ಲಿನ ಚಲಾವಣೆ ಹಣ. ಕ್ರೂಗರ್‌ರಾಂಡ್‌ಗೆ ಆ ರಿಯಾಯಿತಿ ಇಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ 1800ರ ನಂತರ ಅಚ್ಚಾದ, ಸಾವಿರಕ್ಕೆ 900ಕ್ಕಿಂತ ಕಡಿಮೆ ಇಲ್ಲದ ಶುದ್ಧತೆಯ, ತನ್ನ ದೇಶದಲ್ಲಿ ಚಲಾವಣೆಯ ಮಾನ್ಯತೆ ಇರುವ ಅಥವಾ ಹಿಂದೆ ಇದ್ದ ನಾಣ್ಯಗಳಿಗೆ ಮೌಲ್ಯವರ್ಧಿತ ತೆರಿಗೆ ಇಲ್ಲ. ಆದರೆ ಚಿನ್ನದ ಬೆಲೆಗಿಂತ ನೂರಕ್ಕೆ 80ಕ್ಕಿಂತ ಜಾಸ್ತಿಗೆ ಮಾರುವಂಥದ್ದಾದರೆ ಆ ವಿನಾಯಿತಿ ಸಿಗುವುದಿಲ್ಲ. ಅಮೆರಿಕದ ನಿವೃತ್ತಿ ಖಾತೆಗಳಲ್ಲಿ 22 ಕ್ಯಾರೆಟ್‌ನ ಈಗಲ್ ಇಡಬಹುದು, ಅಷ್ಟೇ ಶುದ್ಧತೆಯ ಕ್ರೂಗರ್‌ರಾಂಡ್ ಇಡುವಂತಿಲ್ಲ. ನೀವಿರುವ ಕಡೆಯ ನಿಯಮವನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ, ಗಡಿ ದಾಟಿಸುವುದಿದ್ದರೆ ಸುಂಕವನ್ನೂ ಕೇಳಿ. ನೂರಕ್ಕೆ ಒಂದೆರಡರ ಪ್ರೀಮಿಯಂಗೆ ದಿನವೆಲ್ಲ ಚೌಕಾಸಿ ಮಾಡಿ, ಅದರ ಹತ್ತು ಪಟ್ಟು ತೆರಿಗೆಯಲ್ಲಿ ಬಿಟ್ಟುಕೊಡುವುದು ಬೇಡ.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಚಿನ್ನ ಕೂಡಿಡುವುದೇ ಉದ್ದೇಶವಾದರೆ ಒಂದು ಔನ್ಸಿನ ನಾಣ್ಯ. ಕ್ರೂಗರ್‌ರಾಂಡ್, ಮೇಪಲ್, ಫಿಲ್‌ಹಾರ್ಮೋನಿಕ್, ಈ ಮೂರರಲ್ಲಿ ಆ ದಿನ ಕೊಡುವ ಬೆಲೆಗೂ ಸಿಗುವ ಬೆಲೆಗೂ ಅಂತರ ಕಡಿಮೆ ಇರುವುದು. ಸ್ವಲ್ಪ ಸ್ವಲ್ಪವಾಗಿ ಕೊಂಡು ಸ್ವಲ್ಪ ಸ್ವಲ್ಪವಾಗಿ ಮಾರುವ ಯೋಚನೆ ಇದ್ದರೆ ಸವರನ್. ಸಂಗ್ರಹದ ಆಸೆ ಇದ್ದರೆ ಪಾಂಡಾ ಅಥವಾ ಅಕ್ಷರವಿರುವ ಹಳೆಯ ಸವರನ್, ಅದೂ ಒಂದು ಸರಣಿಯ ಬಗ್ಗೆ ಚೆನ್ನಾಗಿ ಓದಿಕೊಂಡ ಮೇಲೆ. ಎರಡೂ ಆಸೆ ಇದ್ದರೆ ದುಡ್ಡನ್ನು ಎರಡು ಪಾಲು ಮಾಡಿಕೊಳ್ಳಿ, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಬೆರೆಸಬೇಡಿ.

ಕೊಂಡ ಮೇಲೆ ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಡಿ. ಹೆಸರು, ಇಸವಿ, ಅಕ್ಷರ, ತೂಕ, ಶುದ್ಧತೆ, ಕೊಂಡ ದಿನ, ಕೊಟ್ಟ ಬೆಲೆ. ಬಿಲ್ಲನ್ನೂ ಜೊತೆಗಿಡಿ. ಚಿನ್ನದ ತೂಕಕ್ಕೆ ಮಾರಬಹುದಾದದ್ದು ಯಾವುದು, ತಿಳಿದವರಿಗೆ ತೋರಿಸದೆ ಮಾರಬಾರದ್ದು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ನಿಮ್ಮ ನಂತರ ಆ ಪೆಟ್ಟಿಗೆ ತೆರೆಯುವವರಿಗೆ ಕ್ರೂಗರ್ ಯಾರು, ಸವರನ್ ಎಂದರೇನು ಗೊತ್ತಿರುವುದಿಲ್ಲ. 1917ರ ನಾಣ್ಯವನ್ನು ತಕ್ಕಡಿಗೆ ಹಾಕುವ ಮೊದಲು ಅವರು ಆ ಚೀಟಿ ಓದಲಿ.